ಸೀಜಿನ್‌ಕೋಟ್ ಭವನ

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಕೌಂಟಿಯಲ್ಲಿ, ಕಾಟ್ಸ್‌ವೋಲ್ಡ್ ಗುಡ್ಡಗಳ ಮಗ್ಗುಲಲ್ಲಿ, ಮೋರ್ಟನ್-ಇನ್-ಮಾರ್ಷ್ ಪಟ್ಟಣಕ್ಕೆ ಸಮೀಪದಲ್ಲಿರುವ ಖಾಸಗಿ ಒಡೆತನದ ಹಳ್ಳಿಗಾಡಿನ ಮಹಲು. ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿದ್ದು ಹಣವಂತನಾಗಿ ತಾಯ್ನಾಡಿಗೆ ಮರಳಿದ ಚಾರ್ಲ್ಸ್ ಕಾಕರೆಲ್‌ಗಾಗಿ (1755–1837) ಅವನ ಅಣ್ಣ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ (1753–1827) 1805ರ ಸುಮಾರಿಗೆ ಇದರ ನಕ್ಷೆ ಬರೆದ. ಹೊರಗಿನಿಂದ ನೋಡಿದರೆ ಮೊಗಲರ ಕಾಲದ ಕಟ್ಟಡ: ಈರುಳ್ಳಿಯಾಕಾರದ ತಾಮ್ರದ ಗುಮ್ಮಟ, ಮೂಲೆಗಳಲ್ಲಿ ಛತ್ರಿ ಎಂಬ ಪುಟ್ಟ ಗುಮ್ಮಟದ ಮಂಟಪಗಳು, ಮುಂಚಾಚಿದ ಸಜ್ಜಾ, ನವಿಲುಗರಿ ಬಿಚ್ಚಿದಂತೆ ಹರಡಿದ ಕಮಾನುಗಳು. ಬಾಗಿಲು ದಾಟಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಒಳಗಿರುವುದೆಲ್ಲ ಆ ಕಾಲದ ಇಂಗ್ಲಿಷ್ ಸಿರಿವಂತರ ಮನೆಗಳಲ್ಲಿ ಕಾಣುತ್ತಿದ್ದ ಗ್ರೀಕ್-ರೋಮನ್ ಅಲಂಕಾರ. ಭಾರತವನ್ನು ಹೊಸ್ತಿಲಿನ ಹೊರಗೇ ನಿಲ್ಲಿಸಿದ ಈ ಏರ್ಪಾಡೇ ಕಟ್ಟಡದ ಮುಖ್ಯ ಲಕ್ಷಣ. ಇದನ್ನು ಬರಿಯ ಚಮತ್ಕಾರವೆಂದು ಮೆಚ್ಚಿ ಮುಂದೆ ಹೋಗುವವರು ಆ ಮಾತನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬ್ರಿಟನ್ನಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದು ಮೊದಲನೆಯ ದರ್ಜೆಯಲ್ಲಿದೆ.

ಜಹಗೀರು ಮತ್ತು ಹಣದ ಮೂಲ

ಇಲ್ಲಿಯ ಜಮೀನು ಹಳೆಯದು. ನಾರ್ಮನ್ನರ ಕಾಲದ ಡೂಮ್ಸ್‌ಡೇ ದಫ್ತರಿನಲ್ಲೂ ಈ ಊರಿನ ಹೆಸರಿದೆ. 1795ರಲ್ಲಿ ಕರ್ನಲ್ ಜಾನ್ ಕಾಕರೆಲ್ ಎಂಬ ಬಂಗಾಳ ಸೇನೆಯ ಅಧಿಕಾರಿ ಗಿಲ್‌ಫರ್ಡ್ ಅರ್ಲ್ ಮನೆತನದಿಂದ ಇದನ್ನು ಕೊಂಡ. ಕೊಂಡ ಮೂರೇ ವರ್ಷಕ್ಕೆ, 1798ರಲ್ಲಿ, ತೀರಿಹೋದ. ಆಸ್ತಿ ತಮ್ಮ ಚಾರ್ಲ್ಸ್‌ನ ಕೈಗೆ ಬಂತು. ಹೀಗೆ ಸೀಜಿನ್‌ಕೋಟ್ ಮೂವರು ಅಣ್ಣತಮ್ಮಂದಿರ ಮನೆ: ಒಬ್ಬ ನೆಲ ಕೊಂಡ, ಒಬ್ಬ ಕಟ್ಟಿಸಿದ, ಒಬ್ಬ ನಕ್ಷೆ ಬರೆದ. ಇವರ ತಾಯಿ, ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್‌ನ ಸೋದರಳಿಯನ ಮಗಳು. ವಾಸ್ತುಶಿಲ್ಪಿಯ ಹೆಸರಿನಲ್ಲಿ ಪೀಪ್ಸ್ ಸೇರಿಕೊಂಡದ್ದು ಆ ನಂಟಿನಿಂದ.

ಚಾರ್ಲ್ಸ್ 1776ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಬಂಗಾಳಕ್ಕೆ ಹೋದ. ಕಂಪನಿಯ ಗುಮಾಸ್ತೆ ಹುದ್ದೆಗಳಿಂದ ಮೇಲೇರಿ 1784ರಿಂದ 1792ರವರೆಗೆ ಕಲ್ಕತ್ತೆಯ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದ. ಸಂಬಳದಿಂದ ಯಾರೂ ಮಹಲು ಕಟ್ಟಿಸಿದವರಿಲ್ಲ. ಅವನ ಸಂಪತ್ತಿನ ಬೇರು ಇದ್ದದ್ದು ಏಜೆನ್ಸಿ ವ್ಯಾಪಾರದಲ್ಲಿ. ಕಂಪನಿಯ ನೌಕರರು ಭಾರತದಲ್ಲಿ ಕೂಡಿಸಿದ ಹಣವನ್ನು ಇಂಗ್ಲೆಂಡಿಗೆ ಸಾಗಿಸುವುದು ಆ ಕಾಲದಲ್ಲಿ ದೊಡ್ಡ ತೊಡಕಾಗಿತ್ತು. ಕಲ್ಕತ್ತೆಯ ಏಜೆನ್ಸಿ ಅಂಗಡಿಗಳು ಆ ಹಣವನ್ನು ಠೇವಣಿಯಾಗಿ ಇಟ್ಟುಕೊಂಡು ನೀಲಿ, ಅಫೀಮು, ಹಡಗು, ವಿಮೆಗಳಲ್ಲಿ ತೊಡಗಿಸುತ್ತಿದ್ದವು; ಲಂಡನ್ನಿನಲ್ಲಿ ಹುಂಡಿಯ ಮೂಲಕ ಸಲ್ಲಿಸುತ್ತಿದ್ದವು; ಎರಡೂ ಕಡೆ ದಲಾಲಿ ಹಿಡಿಯುತ್ತಿದ್ದವು. ಅಂಥ ದೊಡ್ಡ ಅಂಗಡಿಗಳಲ್ಲೊಂದಾದ ಪ್ಯಾಕ್ಸ್‌ಟನ್, ಕಾಕರೆಲ್ ಸಂಸ್ಥೆಯಲ್ಲಿ ಚಾರ್ಲ್ಸ್ ಪಾಲುದಾರ. ಇನ್ನೊಬ್ಬ ಪಾಲುದಾರ ವಿಲಿಯಂ ಪ್ಯಾಕ್ಸ್‌ಟನ್ ವೇಲ್ಸ್‌ನಲ್ಲಿ ಮಿಡಲ್‌ಟನ್ ಹಾಲ್ ಕಟ್ಟಿಸಿದ್ದೂ ಇದೇ ಸ್ಯಾಮ್ಯುಯೆಲ್ ಕಾಕರೆಲ್‌ನ ಕೈಯಿಂದಲೇ. 1790ರ ದಶಕದ ಆ ಮನೆ ಶುದ್ಧ ಶಾಸ್ತ್ರೀಯ ಶೈಲಿಯದು, 1931ರಲ್ಲಿ ಸುಟ್ಟುಹೋಯಿತು, ಅದರ ನೆಲದಲ್ಲಿ ಈಗ ವೇಲ್ಸ್‌ನ ರಾಷ್ಟ್ರೀಯ ಸಸ್ಯೋದ್ಯಾನವಿದೆ. ಒಂದೇ ಪೆಟ್ಟಿಗೆಯ ಹಣ, ಒಬ್ಬನೇ ವಾಸ್ತುಶಿಲ್ಪಿ, ಎರಡು ಮನೆ. ಒಂದರಲ್ಲಿ ಭಾರತದ ಸುಳಿವೇ ಇಲ್ಲ, ಇನ್ನೊಂದರಲ್ಲಿ ಅದೇ ಮೇಲುಹೊದಿಕೆ. ಹಣ ಎಲ್ಲಿಂದ ಬಂತೆಂಬುದು ಶೈಲಿಯನ್ನು ತಾನಾಗಿ ನಿರ್ಧರಿಸಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ಭಾರತ ಏಕೆ? ಸೀಜಿನ್‌ಕೋಟ್‌ಗೆ ಬಲು ಹತ್ತಿರದಲ್ಲೇ ಇರುವ ಡೇಲ್ಸ್‌ಫರ್ಡ್ ಭವನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ತನ್ನ ಪೂರ್ವಿಕರ ಜಮೀನನ್ನು ಬಿಡಿಸಿಕೊಂಡು 1788ರಿಂದ 1793ರ ನಡುವೆ ಅದನ್ನು ಕಟ್ಟಿಸಿದ. ವಾಸ್ತುಶಿಲ್ಪಿ ಅದೇ ಸ್ಯಾಮ್ಯುಯೆಲ್ ಕಾಕರೆಲ್. ಆ ವರ್ಷಗಳಲ್ಲಿ ಸಂಸತ್ತಿನಲ್ಲಿ ಹೇಸ್ಟಿಂಗ್ಸ್‌ನ ಮೇಲೆ ಮಹಾಭಿಯೋಗದ ವಿಚಾರಣೆ ನಡೆಯುತ್ತಿತ್ತು. ಭಾರತದಲ್ಲಿ ದೋಚಿ ಬಂದವರನ್ನು ‘ನಬಾಬ್’ ಎಂದು ಹೀಗಳೆದು ನಾಟಕವಾಡುವುದು ಆಗಿನ ರೂಢಿ. ಡೇಲ್ಸ್‌ಫರ್ಡ್‌ನಲ್ಲಿ ಭಾರತವೆಂಬುದು ಒಂದು ಸಣ್ಣ ಗುಮ್ಮಟ, ಒಳಗೆ ಅಗ್ಗಿಷ್ಟಿಕೆಯ ಕೆತ್ತನೆ, ಇಷ್ಟಕ್ಕೇ ನಿಂತದ್ದು ಆಶ್ಚರ್ಯವಲ್ಲ. 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸಿಂಹಾಸನದ ತುಣುಕುಗಳು, ಹುಲಿಯ ಯಂತ್ರ, ಧ್ವಜ, ಕತ್ತಿಗಳು ಲಂಡನ್ನಿಗೆ ಹೋದವು. ಚಿತ್ರಗಳಲ್ಲಿ, ರಂಗದ ಮೇಲೆ ಆ ಗೆಲುವನ್ನು ಜನ ಮುಗಿಬಿದ್ದು ನೋಡಿದರು. ಭಾರತದಿಂದ ಹಣ ತರುವುದು ನಾಚಿಕೆಯ ಮಾತಾಗಿ ಉಳಿಯದೆ ದೇಶದ ಹೆಮ್ಮೆಯಾಗಿ ಮಾರ್ಪಟ್ಟ ಗಳಿಗೆ ಅದು. ಸೀಜಿನ್‌ಕೋಟ್‌ನ ಗುಮ್ಮಟ ಮೇಲೆದ್ದದ್ದು ಆ ಬಳಿಕ ಕೆಲವೇ ವರ್ಷಗಳಲ್ಲಿ. ಕಾಕರೆಲ್ ಸಹೋದರರು ಈ ಕಾರಣಕ್ಕೇ ಹೀಗೆ ಕಟ್ಟಿದರು ಎನ್ನುವ ಲಿಖಿತ ಸಾಕ್ಷ್ಯವನ್ನು ಮುಂದಿಡಲಾಗದು. ಆದರೆ ಹದಿನೈದು ವರ್ಷ ಮೊದಲಾಗಿದ್ದರೆ ಇಂಥ ಮನೆಯನ್ನು ಕಟ್ಟಿಸುವ ಎದೆಗಾರಿಕೆ ಚಾರ್ಲ್ಸ್‌ಗೆ ಇರುತ್ತಿತ್ತೆಂದು ನಂಬುವುದು ಕಷ್ಟ. 1809ರಲ್ಲಿ ಅವನಿಗೆ ಬ್ಯಾರೊನೆಟ್ ಪದವಿ ಸಿಕ್ಕಿತು; ಒಂದಲ್ಲ ಒಂದು ಕ್ಷೇತ್ರದಿಂದ ಬಹುಕಾಲ ಸಂಸತ್ತಿನಲ್ಲಿಯೂ ಕುಳಿತ.

ಕಾಣದ ದೇಶದ ನಕ್ಷೆ

ಸ್ಯಾಮ್ಯುಯೆಲ್ ಕಾಕರೆಲ್ ಭಾರತವನ್ನು ನೋಡಿದವನಲ್ಲ. ಲಂಡನ್ನಿನ ಅಡ್ಮಿರಾಲ್ಟಿ ಹೌಸ್, ಬ್ಯಾನ್‌ಬರಿಯ ಸೇಂಟ್ ಮೇರಿ ಚರ್ಚು ಇಂಥವು ಅವನ ಕೆಲಸ. 1806ರಿಂದ ಈಸ್ಟ್ ಇಂಡಿಯಾ ಕಂಪನಿಯ ಸರ್ವೇಯರ್ ಹುದ್ದೆ, ಅದೂ ಲಂಡನ್ನಿನಲ್ಲೇ. ತಮ್ಮನಿಗೆ ಭಾರತದ ಕಟ್ಟಡಗಳ ನೆನಪಿತ್ತು, ಅಳತೆಯಿರಲಿಲ್ಲ. ಇವರಿಬ್ಬರ ನಡುವಿನ ಕೊರತೆಯನ್ನು ತುಂಬಿದವನು ಚಿತ್ರಕಾರ ಥಾಮಸ್ ಡೇನಿಯಲ್ (1749–1840).

ಥಾಮಸ್, ತನ್ನ ಅಣ್ಣನ ಮಗ ವಿಲಿಯಂ ಜೊತೆ 1786ರಲ್ಲಿ ಕಲ್ಕತ್ತೆಗೆ ಬಂದಿಳಿದು ಏಳು ವರ್ಷಕ್ಕೂ ಹೆಚ್ಚು ಕಾಲ ಭಾರತವನ್ನು ಸುತ್ತಿದ. ಗಂಗೆಯ ಮೇಲಿನಿಂದ ಉತ್ತರಕ್ಕೆ, ಆಗ್ರಾ ದಿಲ್ಲಿಗಳಿಂದ ಗಢವಾಲದ ಬೆಟ್ಟಗಳವರೆಗೆ ಮೊದಲ ಸುತ್ತು. ಮೂರನೆಯ ಮೈಸೂರು ಯುದ್ಧ ಮುಗಿದು ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ 1792ರ ಬೇಸಿಗೆಯಲ್ಲಿ ಅವರು ಮದ್ರಾಸಿನಿಂದ ಹೊರಟು ಬಾರಾಮಹಲಿನ ಗಿರಿದುರ್ಗಗಳು, ಹೊಸೂರು, ಮೈಸೂರು ಸೀಮೆಯ ಅಂಚು ಎಂದು ಸಂಚರಿಸಿದರು. ಪತ್ರಿಕೆಗಳಲ್ಲಿ ಓದಿದ ಯುದ್ಧಭೂಮಿಯ ಚಿತ್ರಕ್ಕೆ ಇಂಗ್ಲೆಂಡಿನಲ್ಲಿ ಗಿರಾಕಿ ಇದ್ದೇ ಇರುತ್ತಾರೆ ಎಂಬುದು ಅವರ ಲೆಕ್ಕ. ಅಲ್ಲಿಂದ ಮದುರೆ, ತಂಜಾವೂರುಗಳ ಕಡೆ. ಕೊನೆಗೆ ಮುಂಬಯಿ, ಎಲಿಫೆಂಟಾ ಗುಹೆಗಳು. ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಕತ್ತಲಪೆಟ್ಟಿಗೆಯ ನೆರವಿನಿಂದ ಅವರು ಕಟ್ಟಡಗಳ ಗೆರೆಗಳನ್ನು ಹಿಡಿಯುತ್ತಿದ್ದರು. ಊರಿಗೆ ಮರಳಿದ ಮೇಲೆ 1795ರಿಂದ 1808ರ ತನಕ ಕಂತುಕಂತಾಗಿ ಹೊರತಂದ ‘ಓರಿಯೆಂಟಲ್ ಸೀನರಿ’ ಮಾಲೆಯಲ್ಲಿ 144 ವರ್ಣಚಿತ್ರ ಮುದ್ರಣಗಳಿವೆ. ಭಾರತದ ಕಟ್ಟಡಗಳ ಬಗ್ಗೆ ಬ್ರಿಟನ್ನಿಗೆ ಅದಕ್ಕಿಂತ ಒಳ್ಳೆಯ ಆಕರ ಆಗ ಇರಲಿಲ್ಲ.

ಡೇನಿಯಲ್‌ಗೆ ಕಟ್ಟುವ ಹುಚ್ಚೂ ಇತ್ತು. 1800ರಲ್ಲಿ ಹ್ಯಾಂಪ್‌ಷೈರಿನ ಮೆಲ್ಚೆಟ್ ಪಾರ್ಕಿನಲ್ಲಿ ಹೇಸ್ಟಿಂಗ್ಸ್‌ನ ಗೌರವಾರ್ಥ ಅವನೊಂದು ಪುಟ್ಟ ಹಿಂದೂ ದೇಗುಲದ ವಿನ್ಯಾಸ ಮಾಡಿದ್ದ. ಗರ್ಭಗುಡಿಯಲ್ಲಿ ದೇವರ ಬದಲು ಹೇಸ್ಟಿಂಗ್ಸ್‌ನ ಎದೆಮಟ್ಟದ ಮೂರ್ತಿ! ಸೀಜಿನ್‌ಕೋಟ್‌ನಲ್ಲಿ ಅವನು ಮನೆಯ ವಿವರಗಳಿಗೆ ಸಲಹೆಗಾರನಾದ, ತೋಟದ ಕಟ್ಟಡಗಳಿಗೆ ತಾನೇ ಕೈಹಾಕಿದ. ಮುದ್ರಿತ ಚಿತ್ರದಿಂದ ಕಲ್ಲಿಗೆ ಇಳಿದ ವಾಸ್ತು ಎಂದು ಈ ಮನೆಯನ್ನು ಕರೆದರೆ ತಪ್ಪಿಲ್ಲ. ಅದರ ಗುಣವೂ ದೋಷವೂ ಅಲ್ಲಿಂದಲೇ ಬಂದವು. ಮುಖಭಾಗಗಳು ಚಿತ್ರಗಳಷ್ಟೇ ಖಚಿತ. ಕಟ್ಟಡವನ್ನು ಬಳಸುವ ಬಗೆ ಹೇಗೆ, ಅಂಗಳವೆಲ್ಲಿ, ಗಾಳಿ ಹಾಯುವ ದಾರಿ ಯಾವುದು, ಇವು ಚಿತ್ರದಲ್ಲಿ ಇರಲಿಲ್ಲ, ಮನೆಯಲ್ಲೂ ಇಲ್ಲ.

ಹೊರಮೈ

ಮೂಲತಃ ಇದು ಚಚ್ಚೌಕವಾದ, ಎಲ್ಲ ಕಡೆ ಸಮತೂಕವಿರುವ ಇಂಗ್ಲಿಷ್ ಮನೆ. ಅದರ ಮೇಲೆ ಭಾರತೀಯ ಅಂಗಗಳನ್ನು ಜೋಡಿಸಲಾಗಿದೆ. ಮುಂಬಾಗಿಲಿನ ಎದುರು ನಿಂತರೆ ಕಣ್ಣಿಗೆ ಬೀಳುವುದು ಎರಡಂತಸ್ತಿನಷ್ಟು ಎತ್ತರದ ಕಮಾನು. ದಿಲ್ಲಿ, ಆಗ್ರಾಗಳ ಮಸೀದಿ ಗೋರಿಗಳ ಮಹಾದ್ವಾರಗಳ ಮಾದರಿಯಲ್ಲಿ ಅದು ಇಡೀ ಮುಖಭಾಗವನ್ನು ಆಳುತ್ತದೆ. ಕಟ್ಟಡದ ಮೂಲೆಗಳಲ್ಲಿ ಅಷ್ಟಕೋನದ ಕಂಬಗೋಪುರಗಳು ಮೇಲಕ್ಕೇರಿ ಛತ್ರಿಗಳಲ್ಲಿ ಮುಗಿಯುತ್ತವೆ. ಸೂರಿನ ನಡುವೆ ತಾಮ್ರದ ಹೊದಿಕೆಯ ಗುಮ್ಮಟ. ಗಾಳಿಮಳೆಗೆ ಕಿಲುಬು ಹಿಡಿದು ಈಗ ನೀಲಿ ಬೆರೆತ ಹಸಿರು ಬಣ್ಣಕ್ಕೆ ತಿರುಗಿದೆ. ಅದರ ಕೆಳಗೆ ಕಾಟ್ಸ್‌ವೋಲ್ಡ್‌ನ ಜೇನುಬಣ್ಣದ ಸುಣ್ಣಕಲ್ಲಿನ ಗೋಡೆಗಳು. ಕೆಂಪು ಮರಳುಗಲ್ಲು, ಅಮೃತಶಿಲೆಗಳ ಮೊಗಲ್ ಜೋಡಿಗೆ ಬದಲಾಗಿ ಬಂದ ಈ ಬಣ್ಣಗಳ ಹೊಂದಿಕೆ ಮೂಲದಲ್ಲಿ ಎಲ್ಲೂ ಇಲ್ಲದ್ದು. ಕಟ್ಟಡದ ನಿಜವಾದ ಸ್ವಂತಿಕೆ ಇದೇ ಇರಬಹುದು.

ಸೂರಿನ ಅಂಚಿನ ಉದ್ದಕ್ಕೂ ಕೆತ್ತನೆಯ ಬೋದಿಗೆಗಳು ಹೊತ್ತ ಸಜ್ಜಾ ಹೊರಚಾಚಿದೆ. ನಮ್ಮಲ್ಲಿ ಸಜ್ಜಾ ಇರುವುದು ಬಿಸಿಲನ್ನು ಗೋಡೆಯಿಂದ ದೂರ ಇಡಲು, ಮುಂಗಾರಿನ ಎರಚಲು ಕಿಟಕಿಯೊಳಗೆ ಬಾರದಿರಲು. ಚಳಿಗಾಲದ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಸೀಮೆಯಲ್ಲಿ ಮನೆಯವರು ಹಂಬಲಿಸುವುದೇ ಬಿಸಿಲಿಗೆ. ಆದರೂ ಅದನ್ನು ಕಡಿಮೆ ಮಾಡದೆ ಆಳವಾಗಿಯೇ ಚಾಚಿದ್ದು ಮೆಚ್ಚತಕ್ಕ ಹಟ: ಆ ದಟ್ಟ ನೆರಳುಗೆರೆ ಇಲ್ಲದಿದ್ದರೆ ಗೋಡೆ ಸಪ್ಪೆಯಾಗಿ, ಗುಮ್ಮಟ ಟೋಪಿಯಿಟ್ಟಂತೆ ಕಾಣುತ್ತಿತ್ತು. ಕಿಟಕಿಗಳ ಮೇಲಿನ ಕಮಾನುಗಳಲ್ಲಿ ನವಿಲಿನ ಗರಿಯಂತೆ ಹರಡಿದ ಗೆರೆಗಳಿವೆ. ಆ ಕಮಾನುಗಳೊಳಗೆ ಕೂಡಿಸಿರುವುದು ಇಂಗ್ಲಿಷ್ ಮನೆಗಳಲ್ಲಿ ಎಲ್ಲೆಲ್ಲೂ ಇರುವ, ಮೇಲೆ ಕೆಳಗೆ ಜಾರುವ ಗಾಜಿನ ಕಿಟಕಿ.

ಮನೆಯ ಎರಡು ಪಕ್ಕಗಳಿಂದ ರೆಕ್ಕೆಗಳು ಹೊರಡುತ್ತವೆ. ದಕ್ಷಿಣದ ಕಡೆಯದು ಕಿತ್ತಳೆ ಮೊದಲಾದ ಉಷ್ಣವಲಯದ ಗಿಡಗಳನ್ನು ಚಳಿಯಿಂದ ಕಾಪಾಡಲು ಕಟ್ಟಿದ ಗಾಜಿನ ಪಡಸಾಲೆ, ಆರೆಂಜರಿ. ಅರ್ಧಚಂದ್ರದಂತೆ ಬಾಗುತ್ತಾ ಹೋಗಿ ತುದಿಯಲ್ಲೊಂದು ಅಷ್ಟಕೋನದ ಮಂಟಪದಲ್ಲಿ ನಿಲ್ಲುತ್ತದೆ. ಸಾಲುಕಮಾನುಗಳಲ್ಲಿ ಕಲ್ಲಿಗಿಂತ ಗಾಜೇ ಹೆಚ್ಚಾಗಿರುವುದರಿಂದ ಇಡೀ ಭವನದಲ್ಲಿ ಹಗುರವಾಗಿ ಕಾಣುವ ಭಾಗ ಇದೇ. ಮುಖ್ಯ ಮನೆಯ ಗಾಂಭೀರ್ಯ ಬೇಸರ ತರಿಸಿದವರಿಗೆ ಇದು ಇಷ್ಟವಾಗುತ್ತದೆ.

ಒಳಗೆ

ಒಳಗಿನ ವಿವರ ಹೆಚ್ಚು ಬೇಕಿಲ್ಲ. ಅಂಥ ಕೋಣೆಗಳು ಆ ಕಾಲದ ಇಂಗ್ಲೆಂಡಿನಲ್ಲಿ ಬೇರೆಡೆಯೂ ಸಿಗುತ್ತವೆ. ಪ್ರವೇಶದ ನಂತರ ಬರುವ ಮೆಟ್ಟಿಲುಗಳ ಸಭಾಂಗಣ ಮಾತ್ರ ಗಮನಾರ್ಹ. ಮೊದಲು ಒಂದಾಗಿ ಏರುವ ಮೆಟ್ಟಿಲು ನಡುವೆ ಎರಡಾಗಿ ಕವಲೊಡೆಯುತ್ತದೆ. ಅದನ್ನು ಹೊತ್ತಿರುವುದು ಎರಕದ ಕಬ್ಬಿಣದ ತೊಲೆಗಳು. ಆ ದಿನಗಳಲ್ಲಿ ಕಬ್ಬಿಣ ಸೇತುವೆಗಳಿಗೆ, ಗಿರಣಿಗಳಿಗೆ ಬಳಕೆಯಾಗುತ್ತಿದ್ದ ಸಾಮಗ್ರಿ. ಸಿರಿವಂತರ ಮನೆಯೊಳಗೆ ಅದನ್ನು ಮರೆಮಾಚದೆ ತೋರಿಸುವವರು ಕಡಿಮೆ. ಮುಖ್ಯ ದಿವಾನಖಾನೆ ಮೇಲಂತಸ್ತಿನಲ್ಲಿದೆ, ಅದರ ಬಾಗಿದ ಕಿಟಕಿಸಾಲಿನಿಂದ ಇಳಿಜಾರಿನ ಹುಲ್ಲುಗಾವಲು ಕಾಣುತ್ತದೆ. ಉತ್ತರದ ರೆಕ್ಕೆಯ ತುದಿಯಲ್ಲಿದ್ದ ಮಂಟಪ ಚಾರ್ಲ್ಸ್‌ನ ಮಲಗುವ ಕೋಣೆ. ಈಟಿಗಳನ್ನು ಕಂಬವಾಗಿ ನಿಲ್ಲಿಸಿ ಗುಡಾರದ ಹಾಗೆ ಅದನ್ನು ಸಿಂಗರಿಸಲಾಗಿತ್ತು. ಒಳಾಂಗಣದಲ್ಲಿ ಭಾರತದ ಬದುಕನ್ನು ನೆನಪಿಗೆ ತರುವುದು ಇದೊಂದೇ. ಅದೂ ಭಾರತೀಯರ ಮನೆಯ ನೆನಪಲ್ಲ, ಕಂಪನಿ ಸೇನೆಯ ಶಿಬಿರದ್ದು.

ಊಟದ ಮನೆಯ ಗೋಡೆಗಳಲ್ಲಿ ಈಗ ಕಾಣುವ ಭಾರತೀಯ ದೃಶ್ಯಗಳು 1980ರ ದಶಕದಲ್ಲಿ ಬರೆಸಿದವು. ಹೊಸ್ತಿಲಿನ ಗೆರೆಯನ್ನು ದಾಟಲು ಭಾರತಕ್ಕೆ ಹೀಗೆ ಸುಮಾರು ನೂರೆಪ್ಪತ್ತೈದು ವರ್ಷ ಹಿಡಿಯಿತು.

ತೋಟ

ಮನೆಯಲ್ಲಿ ಮೊಗಲರ ಛಾಯೆಯಾದರೆ ತೋಟದಲ್ಲಿ ಹಿಂದೂ ದೇವದೇವತೆಗಳು. ಗುಡ್ಡದ ಒರತೆಯೊಂದು ಮನೆಯ ಉತ್ತರಕ್ಕೆ ಕಣಿವೆಯಲ್ಲಿ ಇಳಿದುಬರುತ್ತದೆ. ಅದನ್ನು ಅಲ್ಲಲ್ಲಿ ತಡೆದು ಕೊಳಗಳ ಸರಣಿ ಮಾಡಲಾಗಿದೆ. ಎಲ್ಲಕ್ಕೂ ಮೇಲೆ ಸೂರ್ಯನ ಗುಡಿ; ಅದರ ಗೂಡಿನಲ್ಲಿ ಕೋಡ್ ಶಿಲೆಯ ಮೂರ್ತಿ. ಕೋಡ್ ಶಿಲೆ ಎಂದರೆ ಲಂಡನ್ನಿನ ಕಾರ್ಖಾನೆಯೊಂದರಲ್ಲಿ ಜೇಡಿಮಣ್ಣನ್ನು ಅಚ್ಚಿಗೆ ಒತ್ತಿ ಸುಟ್ಟು ತಯಾರಿಸುತ್ತಿದ್ದ ಕೃತಕ ಕಲ್ಲು. ಹಿಮಕ್ಕೂ ಮಳೆಗೂ ಜಗ್ಗುವುದಿಲ್ಲ. ಗುಡಿಯ ಮುಂದೆ ಕೊಳ. ಅಲ್ಲಿಂದ ನೀರು ಸೇತುವೆಯಡಿ ಹಾದು ಕೆಳಗಿನ ಕೊಳಕ್ಕೆ ಹೋಗುತ್ತದೆ. ಅಲ್ಲೊಂದು ಮರದ ಬೊಡ್ಡೆಗೆ ಸುತ್ತಿಕೊಂಡ ಮೂರು ಹೆಡೆಯ ಸರ್ಪವಿದೆ.

ಸೇತುವೆಯ ಮೇಲೆ ಬಸವಗಳು ಕಾಲು ಮಡಿಸಿ ಮಲಗಿವೆ. ಮನೆಗೆ ಬರುವ ಗಾಡಿದಾರಿ ಇದರ ಮೇಲೇ ಹಾದುಹೋಗುವುದರಿಂದ ಅತಿಥಿಗಳು ಮೊದಲು ನೋಡುತ್ತಿದ್ದ ‘ಭಾರತ’ ಇದು. ಸೇತುವೆಯ ಕೆಳಗಿನ ದಪ್ಪ ಕಂಬಗಳನ್ನು ಡೇನಿಯಲ್ ಎಲಿಫೆಂಟಾದ ಗುಹೆಗಳಿಂದ ತೆಗೆದುಕೊಂಡ. ಹೊಳೆಯ ನಡುವೆ ಹಾಸಿದ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ಹೋಗಿ ಆ ಕಂಬಗಳ ನಡುವೆ ಕುಳಿತು ಕೊಳವನ್ನು ನೋಡಬಹುದು. ಬಸವಣ್ಣನನ್ನು ಶಿವನ ಎದುರಿಗೇ ನೋಡಿ ಅಭ್ಯಾಸವಾದ ಕನ್ನಡದ ಕಣ್ಣಿಗೆ ಈ ಜೋಡಣೆ ವಿಚಿತ್ರ: ಕಂಬ ಶಿವನ ಗುಹೆಯದು, ಮೇಲೆ ಕುಳಿತವನು ಶಿವನ ವಾಹನ, ಎದುರಿನ ಗುಡಿಯಲ್ಲಿ ಮಾತ್ರ ಸೂರ್ಯ. ಆದರೆ ಡೇನಿಯಲ್ ಇಲ್ಲಿ ಆಗಮಶಾಸ್ತ್ರ ಮುರಿಯುತ್ತಿರಲಿಲ್ಲ. ಇಂಗ್ಲಿಷ್ ತೋಟಗಳ ಪರಂಪರೆಯನ್ನು ಪಾಲಿಸುತ್ತಿದ್ದ. 18ನೆಯ ಶತಮಾನದ ಶ್ರೀಮಂತ ತೋಟಗಳಲ್ಲಿ ಕೊಳದ ದಡಕ್ಕೊಂದು ಅಪೊಲೊ ಗುಡಿ, ಗುಡ್ಡದ ಮೇಲೊಂದು ವೀನಸ್ ಗುಡಿ ಇರುವುದು ವಾಡಿಕೆ. ವಿಲ್ಟ್‌ಷೈರಿನ ಸ್ಟೌರ್‌ಹೆಡ್‌ನಲ್ಲಿ ಅಪೊಲೊ ಗುಡಿಯನ್ನು ಇಂದಿಗೂ ನೋಡಬಹುದು. ಅಪೊಲೊನ ಜಾಗಕ್ಕೆ ಸೂರ್ಯ ಬಂದ, ಅಷ್ಟೇ. ಪೂಜೆ ಇಲ್ಲದ ದೇವರನ್ನು ಅಲಂಕಾರಕ್ಕೆ ಇಡುವ ಪದ್ಧತಿ ಗ್ರೀಕ್ ದೇವರುಗಳ ವಿಷಯದಲ್ಲಿ ಸಹಜವಾಗಿತ್ತು, ಅವರನ್ನು ಪೂಜಿಸುವವರು ಯಾರೂ ಉಳಿದಿರಲಿಲ್ಲ. ಸೂರ್ಯನ ವಿಷಯ ಹಾಗಲ್ಲ. ಆ ವ್ಯತ್ಯಾಸ ಕಾಕರೆಲ್ ಸಹೋದರರಿಗೆ ಹೊಳೆಯಿತೋ ಇಲ್ಲವೋ, ಇಂದಿನ ಭಾರತೀಯ ಪ್ರವಾಸಿಗರಿಗಂತೂ ಹೊಳೆಯುತ್ತದೆ.

ತೋಟದ ಒಟ್ಟು ಹರಹಿನ ಬಗ್ಗೆ ಆ ಕಾಲದ ಅತಿ ಹೆಸರಾದ ಭೂದೃಶ್ಯ ತಜ್ಞ ಹಂಫ್ರಿ ರೆಪ್ಟನ್‌ನ (1752–1818) ಸಲಹೆ ಪಡೆಯಲಾಗಿತ್ತು. ಡೇನಿಯಲ್‌ನ ಚಿತ್ರಗಳ ಪರಿಚಯ ಅವನಿಗೆ ಆದದ್ದು ಈ ಕೆಲಸದ ನಿಮಿತ್ತದಿಂದ, ಅದರ ಫಲ ಬೇರೊಂದು ಊರಿನಲ್ಲಿ ಕಂಡಿತು.

ಬ್ರೈಟನ್ ಪ್ರಸಂಗ

ಮುಂದೆ ನಾಲ್ಕನೆಯ ಜಾರ್ಜ್ ಆದ ವೇಲ್ಸ್ ರಾಜಕುಮಾರ 1807ರಲ್ಲಿ ಸೀಜಿನ್‌ಕೋಟ್ ನೋಡಿ ಮರುಳಾದ, ಆದ್ದರಿಂದಲೇ ಬ್ರೈಟನ್ನಿನಲ್ಲಿ ತನ್ನ ಕಡಲತಡಿಯ ಅರಮನೆಗೆ ಭಾರತೀಯ ರೂಪ ಕೊಡಿಸಿದ ಎಂಬ ಕಥೆ ಎಲ್ಲ ಕೈಪಿಡಿಗಳಲ್ಲೂ ಇದೆ. ಕಥೆಯ ತಿರುಳು ಸರಿಯಾದರೂ ಅದನ್ನು ಅಷ್ಟು ನೇರವಾಗಿ ಹೇಳಲಾಗದು. ಬ್ರೈಟನ್ನಿನಲ್ಲಿ ರಾಜಕುಮಾರನ ಕುದುರೆಲಾಯಕ್ಕೆ ಭಾರತೀಯ ಬಗೆಯ ದೊಡ್ಡ ಗುಮ್ಮಟ ಏಳತೊಡಗಿದ್ದು 1803ರಲ್ಲಿ, ಅಂದರೆ ಸೀಜಿನ್‌ಕೋಟ್‌ಗಿಂತ ಮೊದಲು. ಆದರೆ ಅದನ್ನು ಕಟ್ಟಿದ ವಿಲಿಯಂ ಪೋರ್ಡನ್ ಸ್ಯಾಮ್ಯುಯೆಲ್ ಕಾಕರೆಲ್‌ನ ಬಳಿ ಕೆಲಸ ಕಲಿತವನು. ಪೋರ್ಡನ್ನಿಗೂ ಕಾಕರೆಲ್‌ಗೂ ಮುಂದಿದ್ದ ಚಿತ್ರಗಳು ಒಂದೇ. ಆಮೇಲೆ ಅರಮನೆಗೆ ಭಾರತೀಯ ಶೈಲಿಯಲ್ಲಿ ನಕ್ಷೆ ಬರೆಯಲು ರಾಜಕುಮಾರ ರೆಪ್ಟನ್‌ನನ್ನು ಕರೆಸಿದ. 1808ರಲ್ಲಿ ಪ್ರಕಟವಾದ ಆ ನಕ್ಷೆಗಳ ಪುಸ್ತಕದಲ್ಲಿ ರೆಪ್ಟನ್ ಸೀಜಿನ್‌ಕೋಟ್‌ನ ಅನುಭವವನ್ನು ಹೇಳಿಕೊಂಡಿದ್ದಾನೆ. ಹಣದ ಅಡಚಣೆಯಿಂದ ಆ ಯೋಜನೆ ಬಿದ್ದುಹೋಯಿತು. ಕೊನೆಗೆ 1815ರ ಬಳಿಕ ಜಾನ್ ನ್ಯಾಶ್ ಕಟ್ಟಿದ ರಾಯಲ್ ಪೆವಿಲಿಯನ್‌ನಲ್ಲಿ ಗುಮ್ಮಟಗಳ ಗುಂಪೇ ಇದೆ, ಒಳಗೆ ಚೀನೀ ಸಿಂಗಾರದ ಅಬ್ಬರವಿದೆ. ಅದರ ಪಕ್ಕ ಸೀಜಿನ್‌ಕೋಟ್ ಸಂಯಮದ ಕಟ್ಟಡ. ನ್ಯಾಶ್‌ಗೆ ಭಾರತ ಒಂದು ಉತ್ಸವ. ಕಾಕರೆಲ್‌ಗೆ ಅದೊಂದು ವ್ಯಾಕರಣ, ಚಿತ್ರ ಮುಂದಿಟ್ಟುಕೊಂಡು ಕಲಿತದ್ದಾದರೂ.

ಬ್ರಿಟನ್ನಿನಲ್ಲಿ ಈ ಶೈಲಿಗೆ ಹೇಳಿಕೊಳ್ಳುವಂಥ ಸಂತಾನ ಆಗಲಿಲ್ಲ. 1870ರ ದಶಕದಲ್ಲಿ ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ ಸಫೋಕ್‌ನ ಎಲ್ವ್‌ಡನ್ ಹಾಲನ್ನು ಭಾರತೀಯ ರೀತಿಯಲ್ಲಿ ಮಾರ್ಪಡಿಸಿಕೊಂಡಾಗ ಏರ್ಪಾಡು ತಲೆಕೆಳಗಾಯಿತು: ಅವನ ಮನೆ ಹೊರಗೆ ಇಟಲಿಯ ಮಾದರಿಯದು, ಒಳಗೆ ಮೊಗಲರದು. ಭಾರತ ಯಾರಿಗೆ ಬಾಳಿದ ಮನೆಯೋ ಅವನು ಅದನ್ನು ಒಳಗಿಟ್ಟ, ಯಾರಿಗೆ ದುಡಿದು ಬಂದ ಊರೋ ಅವನು ಹೊರಗಿಟ್ಟ. ಇದೇ ಹೊತ್ತಿಗೆ ಭಾರತದಲ್ಲಿ ಎದುರುಮುಖದ ವಿನಿಮಯ ನಡೆದಿತ್ತು. ಕೋಟೆಬುರುಜು, ತೆನೆಗೋಡೆಗಳ ಇಂಗ್ಲಿಷ್ ಟ್ಯೂಡರ್ ರೂಪದ ಬೆಂಗಳೂರು ಅರಮನೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಒಡೆಯರ ಪಾಲಾಯಿತು. ಗುಮ್ಮಟ ಛತ್ರಿಗಳನ್ನು ಇಂಗ್ಲಿಷ್ ನಕ್ಷೆಯ ಮೇಲೆ ಕೂಡಿಸುವ ಕೆಲಸ ಇಂಡೋ-ಸಾರ್ಸೆನಿಕ್ ಎಂಬ ಹೆಸರಿನಲ್ಲಿ ಮದ್ರಾಸು, ಮುಂಬಯಿಗಳಿಗೆ ಮರಳಿ ಬಂತು. ಹೆನ್ರಿ ಇರ್ವಿನ್ ನಕ್ಷೆ ಬರೆದು 1897ರಿಂದ 1912ರವರೆಗೆ ಕಟ್ಟಲಾದ ಮೈಸೂರಿನ ಅಂಬಾವಿಲಾಸ ಅರಮನೆ ಅದೇ ಬಳಗದ್ದು. ಮೈಸೂರಿನ ಗುಮ್ಮಟಗಳಿಗೆ ಸೀಜಿನ್‌ಕೋಟ್ ನೇರ ಮಾದರಿಯಲ್ಲ. ಇಂಗ್ಲಿಷ್ ವಾಸ್ತುಶಿಲ್ಪಿಯೊಬ್ಬ ಮೊಗಲ್ ಅಂಗಗಳನ್ನು ಬಿಡಿಬಿಡಿಯಾಗಿ ಎತ್ತಿಕೊಂಡು ಸಮತೂಕದ ಯೂರೋಪಿಯನ್ ನೆಲನಕ್ಷೆಯ ಮೇಲೆ ಜೋಡಿಸುವ ವಿಧಾನ ಮಾತ್ರ ಎರಡೂ ಕಡೆ ಒಂದೇ.

ಆಮೇಲಿನ ಒಡೆತನ

ಚಾರ್ಲ್ಸ್ 1837ರಲ್ಲಿ ತೀರಿಕೊಂಡ. ಕಲ್ಕತ್ತೆಯ ದೊಡ್ಡ ಏಜೆನ್ಸಿ ಅಂಗಡಿಗಳು 1830ರಿಂದ 1834ರ ನಡುವೆ ಒಂದರ ಹಿಂದೊಂದು ದಿವಾಳಿಯೆದ್ದಿದ್ದವು. ಕಾಕರೆಲ್ ಹೆಸರಿನ ಲಂಡನ್ ಸಂಸ್ಥೆ 1847ರ ಆರ್ಥಿಕ ಮುಗ್ಗಟ್ಟಿನಲ್ಲಿ ಮುಳುಗಿತು. ಮಗ ತಾಯಿಯ ಮನೆತನದ ರಷೌಟ್ ಹೆಸರನ್ನು ಧರಿಸಿಕೊಂಡ. ಮಹಲು ಆ ಕುಟುಂಬದಲ್ಲಿ 1884ರವರೆಗೆ ಉಳಿದು, ಡಗ್‌ಡೇಲ್ ಕುಟುಂಬಕ್ಕೆ ಮಾರಾಟವಾಯಿತು. 1920ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಕವಿ ಜಾನ್ ಬೆಟ್ಜಮನ್ ಆ ಮನೆಯ ಗೆಳೆಯನೊಡನೆ ಇಲ್ಲಿಗೆ ಬಂದುಹೋಗುತ್ತಿದ್ದ. 1960ರಲ್ಲಿ ಹೊರಬಂದ ಅವನ ಪದ್ಯರೂಪದ ಆತ್ಮಕಥೆ ‘ಸಮನ್ಡ್ ಬೈ ಬೆಲ್ಸ್’ನಲ್ಲಿ ಸೀಜಿನ್‌ಕೋಟ್‌ನ ವಾರಾಂತ್ಯಗಳ ಚಿತ್ರಣವಿದೆ. ಇಂಗ್ಲಿಷ್ ಓದುಗರಲ್ಲಿ ಅನೇಕರಿಗೆ ಈ ಮನೆಯ ಹೆಸರು ಗೊತ್ತಿರುವುದು ಆ ಕೃತಿಯಿಂದಲೇ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಇಂಥ ಮನೆಗಳಿಗೆ ಕೆಟ್ಟ ಕಾಲ. ಉತ್ತರಾಧಿಕಾರ ತೆರಿಗೆ, ಕೆಲಸದವರ ಅಭಾವ, ಸೋರುವ ಸೂರು, ಇವುಗಳನ್ನು ತಾಳಲಾರದೆ ಮುಂದಿನ ದಶಕಗಳಲ್ಲಿ ನೂರಾರು ಮಹಲುಗಳನ್ನು ಒಡೆಯರೇ ಕೆಡವಿಸಿದರು. ಸೀಜಿನ್‌ಕೋಟ್ ಪಾರಾದದ್ದು 1944ರಲ್ಲಿ ಇದನ್ನು ಬ್ಯಾಂಕರ್ ಸಿರಿಲ್ ಕ್ಲೈನ್‌ವರ್ಟ್ ಕೊಂಡದ್ದರಿಂದ. ಅವನೂ ಅವನ ಹೆಂಡತಿಯೂ ಯುದ್ಧಾನಂತರ ಕಲ್ಲು, ತಾಮ್ರ, ಆರೆಂಜರಿಗಳನ್ನೆಲ್ಲ ದುರಸ್ತಿ ಮಾಡಿಸಿದರು. ಹೊಳೆತೋಟದ ನೆಡುವಿಕೆಯನ್ನು ತೋಟಗಾರಿಕೆ ತಜ್ಞ ಗ್ರಹಾಂ ಸ್ಟುವರ್ಟ್ ಥಾಮಸ್‌ನ ಸಲಹೆಯಂತೆ ಹೊಸದಾಗಿಸಿದರು. 1960ರ ದಶಕದಲ್ಲಿ ಭಾರತ ಪ್ರವಾಸ ಮಾಡಿ ಬಂದ ಶ್ರೀಮತಿ ಕ್ಲೈನ್‌ವರ್ಟ್ ಆರೆಂಜರಿಯ ಮುಂದೆ ಮೊಗಲರ ಚಾರ್‌ಬಾಗ್ ಮಾದರಿಯಲ್ಲಿ ನೀರುಕಾಲುವೆಗಳ ತೋಟವೊಂದನ್ನು ಮಾಡಿಸಿದಳು. ಅಲ್ಲಿ ಸಾಲುಗಟ್ಟಿ ನಿಂತಿರುವುದು ಸೈಪ್ರೆಸ್ ಮರಗಳಲ್ಲ, ಕಡುಚಳಿಯನ್ನು ತಾಳುವ ಐರಿಷ್ ಯೂ ಗಿಡಗಳು. ಕಾಕರೆಲ್ ಕಟ್ಟಿದ್ದಕ್ಕಿಂತ ಇದೇ ಹೆಚ್ಚು ಭಾರತೀಯ ಎನ್ನಬಹುದು, ಏಕೆಂದರೆ ಇದರ ನೆಲನಕ್ಷೆಯೇ ಅಲ್ಲಿಂದ ಬಂದದ್ದು.

ಮಹಲೂ ಅದರ ಸುತ್ತಲಿನ ಸುಮಾರು 3,500 ಎಕರೆ ಜಹಗೀರೂ ಇಂದಿಗೂ ಕ್ಲೈನ್‌ವರ್ಟ್ ವಂಶದವರಲ್ಲೇ ಇವೆ. ಅವರು ಅಲ್ಲಿ ವಾಸವಾಗಿದ್ದಾರೆ. ವರ್ಷದ ಕೆಲವು ತಿಂಗಳು, ವಾರದ ನಿಗದಿತ ದಿನಗಳ ಮಧ್ಯಾಹ್ನ ತೋಟಕ್ಕೆ ಟಿಕೆಟ್ ಪಡೆದು ಹೋಗಬಹುದು. ಬೇಸಿಗೆಯಲ್ಲಿ ಮನೆಯೊಳಗೂ ಮಾರ್ಗದರ್ಶಕರ ಜೊತೆ ಪ್ರವೇಶವಿದೆ. ಮದುವೆಗಳಿಗೆ ಆರೆಂಜರಿಯನ್ನು ಬಾಡಿಗೆಗೆ ಕೊಡುವುದುಂಟು.